ಎದೆಗೊತ್ತುವ ಡ್ರಿಲ್ಲು

ಅಂಗಿ ಬಿಚ್ಚಿ ನಿಂತರೆ ಅವರ ಎದೆಯ ನಡುವೆ ಅಂಗೈಯಗಲ ಜಾಗ ಕಪ್ಪಾಗಿ ಜಡ್ಡುಗಟ್ಟಿದ್ದು ಕಾಣುತ್ತಿತ್ತು. ಹಲಸೂರಿನಲ್ಲಿ ನಾನು ಮಹಡಿಯ ಮೇಲೆ ಬಾಡಿಗೆಗಿದ್ದ ಮನೆಯ ಓನರ್ ಅವರು, ಕೆಳಗಿನ ಮನೆಯಲ್ಲೇ ಇರುತ್ತಿದ್ದರು. ನಮ್ಮೂರ ರೂಢಿಯಂತೆ ನಾನು ಕಾಕಾ ಎನ್ನುತ್ತಿದ್ದೆ. ಅವರು ನನ್ನನ್ನು ಕರೆಯುತ್ತಿದ್ದುದು ಕಲಬುರಗಿ ಎಂದೇ. ಆ ಜಡ್ಡು ಹಳೆಯ ಕೈ ಡ್ರಿಲ್ಲುಗಳು ವರ್ಷಗಟ್ಟಲೆ ಒತ್ತಿದ ಗುರುತು. ಅವುಗಳ ಹಿಂಬದಿಯಲ್ಲಿ ಬಾಗಿದ ಕಬ್ಬಿಣದ ತಟ್ಟೆಯಿರುತ್ತದೆ. ಅದಕ್ಕೆ ಎದೆಕೊಟ್ಟು, ಮೈಭಾರವನ್ನೆಲ್ಲ ಹಾಕಿ, ಪಕ್ಕದ ಹಿಡಿಯನ್ನು ತಿರುಗಿಸಬೇಕು.

ಭಾನುವಾರ ಬಂತೆಂದರೆ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಅವರು ಹಾಜರು. ತುಕ್ಕು ಹಿಡಿದ ಡ್ರಿಲ್ಲನ್ನೋ, ಮರ ಕೊರೆಯುವ ಡೊಂಕು ಹಿಡಿಯ ಬೈರಿಗೆಯನ್ನೋ ತಂದು ಸೀಮೆಎಣ್ಣೆಯಲ್ಲಿ ನೆನೆಹಾಕುವರು. ಬಾಗಿಲ ಬಳಿ ಒಂದು ಹಲಸಿನ ಹಲಗೆಯಿತ್ತು. ತಂದದ್ದಕ್ಕೆ ಆ ಹಲಗೆಯಲ್ಲೊಂದು ತೂತು ಕೊರೆದ ಮೇಲೆಯೇ ಮನೆಯೊಳಗೆ ಪ್ರವೇಶ. "ಕೆಲಸಕ್ಕೆ ಬರ್ದೇ ಇರೋದನ್ನ ಇಟ್ಕೊಂಡು ಪೂಜೆ ಮಾಡ್ಲಾ?" ಎನ್ನುವರು. ಗರುಡಾಚಾರ್‌ಪಾಳ್ಯದ ಕಾರ್ಖಾನೆಯಲ್ಲಿ ದಿನವಿಡೀ ಡ್ರಿಲ್ಲಿಂಗ್ ಮೆಷಿನ್ ಮುಂದೆ ನಿಲ್ಲುವ ನನಗೆ ಇದೆಲ್ಲ ಮುದುಕರ ಹುಚ್ಚು ಎನಿಸಿ ನಗು ಬರುತ್ತಿತ್ತು.

ಅವರ ಹೆಂಡತಿಗೆ ಲಕ್ವ ಹೊಡೆದ ಮೇಲೆ ಆ ಮನೆಯಲ್ಲಿ ನಗು ನಿಂತಿತು. ಆಯಮ್ಮನಿಗೆ ಮಾತು ಉಳಿಯಿತು, ಬಲಗಾಲು ಸೋತಿತು, ಜೋರು ಸದ್ದಿಗೆ ಮೈಯೆಲ್ಲ ನಡುಗತೊಡಗಿತು. ಕಾಕಾ ತನ್ನನ್ನು ಬಚ್ಚಲಿಗೆ ಎತ್ತಿಕೊಂಡು ಹೋಗುವಾಗೆಲ್ಲ ನಾಚಿಕೆಯಿಂದ ಅಳುತ್ತಿದ್ದರು. ಮಂಚದಿಂದ ಬಚ್ಚಲವರೆಗೂ ಗೋಡೆಗೆ ಕಂಬಿ ಹಾಕಿಬಿಡೋಣ, ಅವಳೇ ಹಿಡಿದು ನಡೆಯಲಿ ಎಂದು ಕಾಕಾ ಹೊರಟರು. ಕರೆಂಟ್ ಡ್ರಿಲ್ ತರುತ್ತೇನೆಂದೆ.

"ಬೇಡ ಕಲಬುರಗಿ. ಅದು ಕಿರುಚಿದ್ರೆ ಇವ್ಳು ತಡ್ಕೊಳಲ್ಲ."

ತಮ್ಮ ಕೈ ಡ್ರಿಲ್ಲನ್ನೇ ಎದೆಗೊತ್ತಿ ಕೊರೆಯತೊಡಗಿದರು. ಹಳೆಯ ಇಟ್ಟಿಗೆ ಗೋಡೆ. ದಿನಕ್ಕೊಂದು ತೂತು ಮುಗಿದರೆ ಹೆಚ್ಚು. ಒಂದು ಬೆಳಿಗ್ಗೆ ನೋಡಿದರೆ ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಹಣೆ ಬೆವೆತಿತ್ತು. "ಕಾಕಾ, ಮೊದಲ ದವಾಖಾನಿಗಿ ನಡ್ರಿ," ಎಂದೆ.

"ಡ್ರಿಲ್ ಒತ್ತಿದ ನೋವು ಕಣಯ್ಯ. ನಂಗೇನು ಹೊಸದಾ?" ಎಂದು ಅಂಗಿ ಸರಿಸಿ ಜಡ್ಡನ್ನು ತೋರಿಸಿದರು. ಅದಕ್ಕೆ ಮುಲಾಮು ಹಚ್ಚಿಕೊಂಡು ಮತ್ತೆ ಗೋಡೆಗೆ ನಿಂತರು.

ನಾನು ಕೆಲಸಕ್ಕೆ ಹೋದೆ. ಮಧ್ಯಾಹ್ನ ಪಕ್ಕದ ಮನೆಯವರ ಫೋನ್ ಬಂತು. ಹೃದಯಾಘಾತ, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದರು. ಅಷ್ಟು ವರ್ಷ ಎದೆನೋವಿನ ಜೊತೆಗೇ ಸಂಸಾರ ಮಾಡಿದ ಮನುಷ್ಯನಿಗೆ, ಈ ಸಲ ಬಂದದ್ದು ಬೇರೆ ನೋವೆಂದು ತಿಳಿಯಲೇ ಇಲ್ಲ. ಡ್ರಿಲ್ಲಿನ ಆ ತಟ್ಟೆಯ ಮೇಲಿನ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ.

ತಿಥಿ ಮುಗಿದ ಮೇಲೆ ಒಮ್ಮೆ ಕೆಳಗೆ ಹೋದೆ. ಆಯಮ್ಮ ಕಂಬಿ ಹಿಡಿದು ಕಾಲೆಳೆಯುತ್ತ ಬಂದು, ಕಂಬಿ ಮುಗಿದಲ್ಲಿ ನಿಂತರು. ಬಚ್ಚಲ ಬಾಗಿಲು ಇನ್ನೂ ಒಂದು ಮಾರು ದೂರವಿತ್ತು. ಮುಂದೆ ಗೋಡೆಯಲ್ಲಿ ಅರ್ಧ ಕೊರೆದ ತೂತು. ಅದರೊಳಗೆ ಬೆರಳಿಟ್ಟು, "ಇಲ್ಲೀವರ್ಗೂ ಕರ್ಕೊಂಡ್ ಬಂದು ಹೋಗ್ಬಿಟ್ರು ನೋಡಪ್ಪ," ಎಂದರು.

ಕಾಕಾನ ಡ್ರಿಲ್ ತೆಗೆದುಕೊಂಡು ಆ ತಟ್ಟೆಗೇ ಎದೆಕೊಟ್ಟೆ. ಕೊರೆಯುವ ಬಿಟ್ ಜಾರಿತು, ಕೈ ತರಚಿತು. ಆಯಮ್ಮ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು, ನಡುಗಲಿಲ್ಲ. ಎರಡು ಭಾನುವಾರ ಕೊರೆದ ಮೇಲೆ ಕಂಬಿ ಬಚ್ಚಲ ಬಾಗಿಲು ಮುಟ್ಟಿತು.

ಅಂದು ಎದೆಯ ನಡುವೆ ಕೆಂಪಗೆ ಬರೆ ಬಿದ್ದು, ನೋವು ಎಡಗಡೆಗೂ ಹರಡಿತು. ಭಯವಾಗಿ ಮರುದಿನವೇ ಆಸ್ಪತ್ರೆಗೆ ಓಡಿದೆ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ಏನಿಲ್ಲ ರೀ, ಯಾವ್ದೋ ಭಾರ ಒತ್ತಿರೋ ನೋವಷ್ಟೆ," ಎಂದರು. ಹೊರಗಿನ ಬೆಂಚಿನ ಮೇಲೆ ಕೂತು ಅತ್ತೆ.