ಕಾರ್ಡಿನ ವಾಯುವಿಹಾರ

ಬೀದಿಯವರೆಲ್ಲ ಎದ್ದು ಹಲ್ಲುಜ್ಜುವ ಹೊತ್ತಿಗೆ ಬೇಕರಿಯಕ್ಕನ ದಿನ ಮುಗಿಯುತ್ತ ಬಂದಿರುತ್ತಿತ್ತು. ಕೊನೆಯ ತಟ್ಟೆ ಬ್ರೆಡ್ಡು ಒಲೆಯಿಂದ ಹೊರಗೆ ಬಂದು, ಅಂಗಡಿಯ ಗಾಜಿನ ಮೇಲೆ ಹಬೆ ಕೂತು, ಮೊದಲ ಗಿರಾಕಿ ಬಾಗಿಲು ತಳ್ಳುತ್ತಿದ್ದಂತೆ ಅವಳು ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ, ಮೊಣಕೈವರೆಗಿನ ಹಿಟ್ಟು ತೊಳೆದು, ಹಿಂದಿನ ಕೋಣೆಯ ಮಂಚಕ್ಕೆ ಹೋಗಿ ಬೀಳುತ್ತಿದ್ದಳು. ಆಮೇಲಿನ ವ್ಯಾಪಾರವೆಲ್ಲ ತಂಗಿಯದು. ಅಕ್ಕನಿಗೆ ನಿದ್ದೆ ಬರುವುದಲ್ಲ, ಅಕ್ಕನೇ ಎದುರು ಹೋಗಿ ಅದನ್ನು ಕರೆದುಕೊಂಡು ಬರುತ್ತಾಳೆ ಎಂದು ತಂಗಿ ಗಿರಾಕಿಗಳ ಮುಂದೆ ಆಡಿಕೊಳ್ಳುತ್ತಿದ್ದಳು. ಸುಳ್ಳೇನಲ್ಲ. ಬಸ್ಸಿನ ಸೀಟಾಗಲಿ, ಹಲ್ಲಿನ ಡಾಕ್ಟರ ಕುರ್ಚಿಯಾಗಲಿ, ಹಗಲು ಹೊತ್ತಿನಲ್ಲಿ ಎಲ್ಲಿ ಬೆನ್ನು ಕೊಟ್ಟರೂ ಅವಳ ರೆಪ್ಪೆ ತಾನಾಗಿ ಇಳಿಯುತ್ತಿತ್ತು. ಮದುವೆಯ ಫೋಟೋದಲ್ಲೂ ಕಣ್ಣು ಅರ್ಧ ಮುಚ್ಚಿದೆ. ನೋಡಿದವರು ನಾಚಿಕೆ ಎಂದುಕೊಂಡರು. ಅದು ನಿದ್ದೆ.

ಗಂಡ ತಕ್ಕಡಿ ರಿಪೇರಿಯವನು. ಊರೂರು ತಿರುಗಿ ಅಂಗಡಿಗಳ ತಕ್ಕಡಿ, ಗೋದಾಮುಗಳ ತೂಕದ ಹಲಗೆ, ಆಸ್ಪತ್ರೆಗಳಲ್ಲಿ ಆಗತಾನೆ ಹುಟ್ಟಿದ ಕೂಸುಗಳನ್ನು ಮಲಗಿಸಿ ತೂಗುವ ತಟ್ಟೆ, ಎಲ್ಲವನ್ನೂ ಸರಿಮಾಡಿ ಬರುವುದು ಅವನ ಕೆಲಸ. ಜನ ತೂಕದಪ್ಪ ಎಂದು ಕರೆದರು, ಅದೇ ನಿಂತಿತು. ಅವನು ರೈಲಿನಲ್ಲಿ ಓಲಾಡುತ್ತ ಮಲಗಿರುವಾಗ ಅವಳು ಹಿಟ್ಟು ನಾದುತ್ತಿದ್ದಳು. ಅವನು ಪೆಟ್ಟಿಗೆ ಹಿಡಿದು ಮನೆಗೆ ಬರುವಾಗ ಅವಳು ಮಲಗಿರುತ್ತಿದ್ದಳು. ಮಂಚದ ಅಂಚಿನಲ್ಲಿ ಕೂತು ಅವಳ ಕೂದಲಿಗೆ ಮೆತ್ತಿದ ಹಿಟ್ಟನ್ನು ಬೆರಳಿನಿಂದ ಬಿಡಿಸುತ್ತಿದ್ದರೆ ಅವಳು ನಿದ್ದೆಯಲ್ಲೇ ‘ಊಟ ಆಯ್ತಾ’ ಅನ್ನುತ್ತಿದ್ದಳು. ಹಾಗೆ ಸಂಸಾರ ಸಾಗಿತು. ಚೆನ್ನಾಗಿಯೇ ಸಾಗಿತು.

ಒಂದು ಸಲ ಕೆಲಸದ ಮೇಲೆ ಅವನು ರೈಲುದಾರಿ ಮುಗಿಯುವ ಊರಿನವರೆಗೂ ಹೋಗಬೇಕಾಯಿತು. ಆ ಊರು ಒಂದು ದ್ವೀಪ. ಅಲ್ಲಿಗೆ ಮುಟ್ಟುವ ಮೊದಲು ರೈಲು ಕಡಲಿನ ಮೇಲೆ ಹಾಸಿದ ತಗ್ಗು ಸೇತುವೆಯ ಮೇಲೆ ಹೋಗುತ್ತದೆ. ಬೆಳಗಿನ ಜಾವ ಎಚ್ಚರವಾಗಿ ಕಿಟಕಿಯ ಪರದೆ ಸರಿಸಿದರೆ ನೆಲವೇ ಇಲ್ಲ. ಎರಡೂ ಕಡೆ ನೀರು, ತಿಕ್ಕಿ ಬೆಳಗಿದ ತಕ್ಕಡಿ ತಟ್ಟೆಯ ಹಾಗೆ ಮಿಸುಕದೆ ಮಲಗಿದ ನೀರು. ಅವನು ಪಕ್ಕಕ್ಕೆ ತಿರುಗಿ ‘ನೋಡು’ ಅಂದ. ಪಕ್ಕದಲ್ಲಿ ಯಾರೋ ಅಪರಿಚಿತ ಮುಸುಕು ಹೊದ್ದು ಗೊರಕೆ ಹೊಡೆಯುತ್ತಿದ್ದ. ಬಾಯಿಂದ ಬಿದ್ದ ಆ ಮಾತನ್ನು ಎಲ್ಲಿಡುವುದು ಎಂದು ತಿಳಿಯದೆ ಅವನು ಸುಮ್ಮನೆ ಕೂತ.

ರೈಲಿನವರು ಖಾಯಂ ಪ್ರಯಾಣಿಕರಿಗೆ ಒಂದು ಕಾರ್ಡು ಕೊಡುತ್ತಿದ್ದರು. ಓಡಾಡಿದಷ್ಟೂ ಅದರಲ್ಲಿ ಪಾಯಿಂಟು ಸೇರುತ್ತದೆ. ಸಾಕಷ್ಟು ಸೇರಿದರೆ ಅದರಲ್ಲೇ ಟಿಕೆಟ್ಟು ತೆಗೆಯಬಹುದು. ರಾತ್ರಿ ರೈಲಿನಲ್ಲಿ ಇಬ್ಬರಿಗೆ ಮಾತ್ರ ಎಂದು ಮಾಡಿದ ಒಂದು ಕೋಣೆ ಉಂಟು. ಎರಡು ಹಾಸಿಗೆ, ಗೋಡೆಯಗಲ ಕಿಟಕಿ. ಅದರಲ್ಲಿ ಹೆಂಡತಿಯನ್ನು ಕರೆದುಕೊಂಡು ಹೋಗಬೇಕು, ಸೇತುವೆಯ ಮೇಲೆ ಅವಳನ್ನು ಎಬ್ಬಿಸಬೇಕು, ‘ನೋಡು’ ಅನ್ನಬೇಕು. ಅವಳು ಸಮುದ್ರವನ್ನೇ ಕಂಡವಳಲ್ಲ. ಅಂದಿನಿಂದ ಅವನು ಪಾಯಿಂಟು ಕೂಡಿಹಾಕತೊಡಗಿದ. ಅವಳೂ ಬರುತ್ತೇನೆ ಎಂದಳು. ಒಲೆ ಆರಿಸಿ ಹೊರಡುವ ದಿನ ಮಾತ್ರ ಮುಂದೆ ಮುಂದೆ ಹೋಯಿತು.

ಕೆಲಸದಿಂದ ನಿವೃತ್ತನಾದ ಮೇಲೆ ಹೊಸ ಸಂಕಟ ಶುರುವಾಯಿತು. ವರ್ಷದಲ್ಲಿ ಒಮ್ಮೆಯಾದರೂ ಕಾರ್ಡು ಪ್ರಯಾಣ ಮಾಡದಿದ್ದರೆ ಇದ್ದಬದ್ದ ಪಾಯಿಂಟೆಲ್ಲ ಸತ್ತುಹೋಗುತ್ತದೆ ಎಂಬುದು ನಿಯಮ. ಹೀಗಾಗಿ ವರ್ಷಕ್ಕೊಮ್ಮೆ ತೂಕದಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ರೈಲು ಹತ್ತಿ, ಮುಂದಿನ ನಿಲ್ದಾಣದಲ್ಲಿ ಇಳಿದು, ಹೊಲದ ದಾರಿಯಲ್ಲಿ ನಡೆದು ವಾಪಸು ಬರುತ್ತಿದ್ದ. ಯಾರಾದರೂ ಅವನೆಲ್ಲಿ ಎಂದು ಕೇಳಿದರೆ ನಾದಿನಿ ಮುಖ ಗಂಭೀರ ಮಾಡಿಕೊಂಡು, ಬಾವ ಕಾರ್ಡನ್ನು ವಾಯುವಿಹಾರಕ್ಕೆ ಕರೆದುಕೊಂಡು ಹೋಗಿದ್ದಾರೆ, ಮನೆಯೊಳಗೇ ಇದ್ದರೆ ಅದಕ್ಕೆ ಉಸಿರು ಕಟ್ಟುತ್ತದಂತೆ ಎನ್ನುತ್ತಿದ್ದಳು.

ಈ ಸಲ ಗಡುವು ಹತ್ತಿರವಿತ್ತು. ಬಲ್ಬು ಬದಲಿಸಲು ಸ್ಟೂಲು ಹತ್ತಿದ ತೂಕದಪ್ಪ ಬಿದ್ದು ಕಾಲು ಮುರಿದುಕೊಂಡ. ತೊಡೆಯವರೆಗೂ ಪ್ಲಾಸ್ಟರು. ನೋವಿಗೆ ನರಳದವನು ಕ್ಯಾಲೆಂಡರ್ ನೋಡಿ ನರಳಿದ. ಪಾಯಿಂಟು ಹೋದರೆ ಕೋಣೆ ಹೋಯಿತು. ಕೋಣೆಯ ಟಿಕೆಟ್ಟನ್ನು ಕೈಯಿಂದ ಕೊಳ್ಳುವ ಶಕ್ತಿ ಆ ಮನೆಗಿರಲಿಲ್ಲ. ಅನ್ನ ಕೂಡ ಸೇರದೆ ಅವನು ಗೋಡೆಯ ಕಡೆ ತಿರುಗಿ ಮಲಗಿದ್ದನ್ನು ನೋಡಲಾರದೆ ಬೇಕರಿಯಕ್ಕ, ಕಾರ್ಡಿಗೆ ತಾನೇ ಗಾಳಿ ಕುಡಿಸಿಕೊಂಡು ಬರುತ್ತೇನೆ ಅಂದಳು. ಕೌಂಟರಿನಲ್ಲಿ ಕಾರ್ಡು ನೋಡುತ್ತಾರೆಯೇ ಹೊರತು ಮುಖ ನೋಡುವುದಿಲ್ಲ. ತಂಗಿಗೆ ಮಾತ್ರ ನಂಬಿಕೆ ಬರಲಿಲ್ಲ.

“ಅಕ್ಕನ್ನ ಕಳಿಸ್ತೀರಾ ಬಾವ? ಕಾರ್ಡ್ ವಾಪಸ್ ಬಂದ್ರೂ ಬರಬಹುದು. ಅಕ್ಕ ಬರೋದಕ್ಕೆ ನಾನಂತೂ ಗ್ಯಾರಂಟಿ ಕೊಡಲ್ಲ.”

ತೂಕದಪ್ಪನಿಗೂ ಅದೇ ಅಳುಕು. ಒಂದೇ ನಿಲ್ದಾಣ, ಸೀಟು ಖಾಲಿ ಇದ್ದರೂ ಕೂರಬೇಡ, ಕಂಬ ಹಿಡಿದು ನಿಂತುಕೋ ಎಂದು ಹೆಂಡತಿಗೆ ಮತ್ತೆ ಮತ್ತೆ ಹೇಳಿದ. ಅವಳು ಕೊನೆಯ ತಟ್ಟೆ ಒಲೆಯಿಂದ ತೆಗೆದು, ಕೈ ತೊಳೆದು, ಶಾಲು ಹೊದ್ದು ಹಾಗೆಯೇ ಹೊರಟಳು. ಫೋನು ಹಿಟ್ಟಿನ ಡಬ್ಬದ ಮೇಲೇ ಉಳಿಯಿತು.

ಹೇಳಿದಂತೆ ಅವಳು ಕಂಬ ಹಿಡಿದು ನಿಂತಳು. ಆದರೆ ಅವಳ ತಲೆಯ ಮೇಲೆ ಬೆಳಗಿನ ಹಿಟ್ಟು ಇನ್ನೂ ಇತ್ತು. ಅದನ್ನು ನರೆ ಎಂದು ತಿಳಿದ ಹುಡುಗಿಯೊಬ್ಬಳು ಎದ್ದು, ಅಜ್ಜಿ ಕೂತ್ಕೊಳ್ಳಿ ಎಂದು ಸೀಟು ಬಿಟ್ಟುಕೊಟ್ಟಳು. ಬೇಡವೆಂದರೆ ಹುಡುಗಿ ಬಿಡಲಿಲ್ಲ. ತೋಳು ಹಿಡಿದು ಕೂರಿಸಿಯೇ ಬಿಟ್ಟಳು. ಸೀಟು ಮೆತ್ತಗಿತ್ತು. ಕಿಟಕಿಯಿಂದ ಬಿಸಿಲು ಬಂದು ತೊಡೆಯ ಮೇಲೆ ಬೆಕ್ಕಿನಂತೆ ಸುರುಳಿ ಸುತ್ತಿ ಮಲಗಿತು. ಚಕ್ರಗಳು ಒಂದೇ ಮಾತನ್ನು ಹೇಳುತ್ತಿದ್ದವು. ಮುಂದಿನ ನಿಲ್ದಾಣ ಬಂತು, ಹೋಯಿತು.

ಅದು ಎಂದಿನ ನಿದ್ದೆಯಾಗಿರಲಿಲ್ಲ. ಅಂಗಡಿಯ ಬಾಗಿಲ ಸದ್ದು, ತಂಗಿಯ ನಗು, ತಟ್ಟೆಗಳ ಗಲಗಲ ಯಾವುದೂ ಕೇಳದ ಊರಿನಲ್ಲಿ ಅವಳು ಮಲಗಿದ್ದಳು. ಕನಸಿನಲ್ಲಿ ದೊಡ್ಡ ಪಾತ್ರೆಯಲ್ಲಿ ಹಿಟ್ಟು ಉಬ್ಬುತ್ತಿತ್ತು, ಅಂಚು ದಾಟುತ್ತಿತ್ತು, ಅಂಗಡಿ ತುಂಬಿ ಬೀದಿಗೆ ಇಳಿಯುತ್ತಿತ್ತು. ಅದರ ಮೇಲೆ ಮಂಚ ಹಾಕಿಕೊಂಡು ಗಂಡ ತೇಲುತ್ತಿದ್ದ, ಪ್ಲಾಸ್ಟರಿನ ಕಾಲನ್ನು ದೋಣಿಯ ಹುಟ್ಟಿನಂತೆ ಆಡಿಸುತ್ತ. ಹೊರಗೆ ಊರುಗಳು ಬಂದವು, ಹೋದವು. ಜನ ಹತ್ತಿದರು, ಇಳಿದರು. ಯಾರೋ ಅವಳ ಜಾರಿದ ಶಾಲನ್ನು ಹೆಗಲಿಗೆ ಎಳೆದು ಸರಿಮಾಡಿದರು.

ಎಚ್ಚರ ಬಂದದ್ದು ಕಿವಿಗೆ ಮೊದಲು. ಚಕ್ರದ ಸದ್ದು ಬದಲಾಗಿತ್ತು. ಕೆಳಗೆ ನೆಲವಿಲ್ಲದ ಟೊಳ್ಳು ಸದ್ದು. ಆಮೇಲೆ ಮೂಗಿಗೆ ಉಪ್ಪಿನ ವಾಸನೆ. ರೆಪ್ಪೆಯ ಒಳಗೆಲ್ಲ ಕೆಂಪು ಬೆಳಕು. ರೈಲು ನಿಧಾನವಾಗಿ, ಸಿಗ್ನಲ್ಲಿಗೆ ಕಾಯುತ್ತ ನಿಂತಿತು. ತಾನು ಎಲ್ಲಿದ್ದೇನೆಂದು ಅವಳಿಗೆ ಹೊಳೆಯಿತು. ಕಣ್ಣನ್ನು ಬಿಗಿಯಾಗಿ ಒತ್ತಿ ಮುಚ್ಚಿಕೊಂಡಳು, ಮೇಲೆ ಶಾಲನ್ನೂ ಎಳೆದುಕೊಂಡಳು.

ಟಿಕೆಟ್ಟು ನೋಡುವವನು ಬಂದಾಗ ಅವಳು ಮುಸುಕಿನೊಳಗಿನಿಂದಲೇ ಕಾರ್ಡು ಚಾಚಿದಳು. ಟಿಕೆಟ್ಟು ಒಂದೇ ನಿಲ್ದಾಣದ್ದು ಎಂದು ಅವನು ಹೇಳಿದ. ನಿದ್ದೆ ಬಂದುಬಿಟ್ಟಿತು, ಉಳಿದ ದುಡ್ಡು ಕೊಡುತ್ತೇನೆ, ಕೊನೆಯ ಊರಿನವರೆಗಿನ ಪ್ರಯಾಣವನ್ನು ಕಾರ್ಡಿಗೇ ಹಾಕಿ ಎಂದು ಅವಳು ಬೇಡಿಕೊಂಡಳು. ಹಾಕಿದ. ಪಾಯಿಂಟು ಉಳಿಯಿತು. ಆದರೂ ಅವನು ಅಲ್ಲಿಂದ ಕದಲಲಿಲ್ಲ.

“ಅಮ್ಮ, ಕಣ್ಣು ಕಾಣಲ್ವಾ?”

“ಕಾಣುತ್ತಪ್ಪ. ಆದ್ರೆ ನೋಡೋ ಹಾಗಿಲ್ಲ.”

ಅವನು ವಯಸ್ಸಾದವನು. ಏನು ಎತ್ತ ಎಂದು ಕೇಳಲಿಲ್ಲ. ಮನೆಗೆ ಒಂದು ಫೋನು ಮಾಡಬೇಕು ಎಂದಾಗ ತನ್ನದನ್ನೇ ತೆಗೆದು, ಅವಳು ಬಾಯಲ್ಲಿ ಹೇಳಿದ ನಂಬರನ್ನು ತಾನೇ ಒತ್ತಿ, ಅವಳ ಕಿವಿಗೆ ಹಿಡಿದು ಕೊಟ್ಟ.

ಮನೆಯಲ್ಲಿ ಮಧ್ಯಾಹ್ನದಿಂದ ಒಂದೇ ಗದ್ದಲ. ತಂಗಿ ಎರಡು ಸಲ ನಿಲ್ದಾಣಕ್ಕೆ ಓಡಿ ಬಂದಿದ್ದಳು. ಅಣಕವಾಡಲು ಅವಳಿಗೆ ಬಾಯಿಯೇ ಬರುತ್ತಿರಲಿಲ್ಲ. ತೂಕದಪ್ಪ ಮಂಚದ ಮೇಲೆ ಎದ್ದು ಕೂತು, ಏಳಲಾರದ ಕಾಲನ್ನು ಬೈಯುತ್ತಿದ್ದ. ಫೋನು ಬಂದಾಗ ಮೊದಲು ಅವನಿಗೆ ಕೇಳಿಸಿದ್ದು ಗಾಳಿ. ಆಮೇಲೆ ಅವಳ ದನಿ: ಕೂತುಬಿಟ್ಟೆ, ನಿದ್ದೆ ಬಂದುಬಿಟ್ಟಿತು, ಕೊನೆಯ ಸೇತುವೆಯ ಮೇಲೆ ರೈಲು ನಿಂತಿದೆ, ಪಾಯಿಂಟಿಗೇನೂ ಆಗಿಲ್ಲ.

ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದ. ಆಮೇಲೆ ಕೇಳಿದ, ಕೇಳಬಾರದ್ದನ್ನು ಕೇಳುವವನ ಹಾಗೆ ಮೆಲ್ಲಗೆ.

“ನೋಡಿದ್ಯಾ?”

“ಇಲ್ಲ ರೀ. ಕಣ್ಣು ಮುಚ್ಕೊಂಡೇ ಇದೀನಿ. ಶಾಲೂ ಹಾಕ್ಕೊಂಡಿದೀನಿ. ವಾಪಸ್ ಬರೋವಾಗ್ಲೂ ಹೀಗೇ ಬರ್ತೀನಿ, ನೀವೇನೂ ಯೋಚ್ನೆ ಮಾಡ್ಬೇಡಿ.”

ತೂಕದಪ್ಪ ಮನಸ್ಸಿನಲ್ಲೇ ಅವಳನ್ನು ಕಂಡ. ಎರಡೂ ಕಡೆ ಅಷ್ಟು ನೀರು, ಅಷ್ಟು ಬೆಳಕು. ನಡುವೆ ನಿಂತ ರೈಲಿನಲ್ಲಿ ಮುಸುಕು ಹಾಕಿಕೊಂಡು, ಕಣ್ಣು ಬಿಗಿದುಕೊಂಡು, ತನ್ನ ಒಂದು ಮಾತಿಗೋಸ್ಕರ ಕತ್ತಲಲ್ಲಿ ಕೂತ ಹೆಂಗಸು. ಆ ಮಾತನ್ನು ಹೀಗೆ ಹೇಳಬೇಕಾದೀತೆಂದು ಅವನು ಎಣಿಸಿರಲಿಲ್ಲ. ಇನ್ನೂ ಇಟ್ಟುಕೊಳ್ಳಬಹುದಿತ್ತು, ಕಾಲು ಕೂಡುತ್ತದೆ, ಒಂದು ವರ್ಷ ಕೈಯಲ್ಲಿದೆ. ಸಿಗ್ನಲ್ಲು ಯಾವ ಕ್ಷಣದಲ್ಲಾದರೂ ಬೀಳುತ್ತದೆ.

“ಲೇ,” ಅಂದ. “ಶಾಲು ತೆಗಿ. ಕಣ್ಣು ಬಿಡು.”

“ಬೇಡ ರೀ. ಇಷ್ಟು ವರ್ಷ ಕಾಪಾಡಿದೀರ.”

“ಬಿಡು ಅಂದ್ನಲ್ಲ. ನೋಡು.”

ಆ ಕಡೆಯಿಂದ ಬಟ್ಟೆ ಸರಿದ ಸದ್ದು ಬಂತು. ಆಮೇಲೆ ಏನೂ ಇಲ್ಲ. ಗಾಳಿ ಮಾತ್ರ. ಅವಳು ಮತ್ತೆ ಮಲಗಿಬಿಟ್ಟಳೋ ಏನೋ ಎಂದು ತಂಗಿ ಪಿಸುಗುಟ್ಟಿದಳು. ಅವನು ಕೈಯೆತ್ತಿ ಸುಮ್ಮನಿರಿಸಿದ.

“ಇಷ್ಟೊಂದಾ?” ಎಂದಳು ಬೇಕರಿಯಕ್ಕ ಕೊನೆಗೆ. ಅವಳ ದನಿ ಒದ್ದೆಯಾಗಿತ್ತು.

ತಟ್ಟೆಯ ಹಾಗೆ ಇದೆಯಲ್ಲ, ಬೆಳ್ಳಗೆ, ಅಲುಗದೆ, ಎಂದು ಅವನು ಆತುರದಿಂದ ಕೇಳಿದ. ಇಲ್ಲ ಎಂದಳು. ತಾಮ್ರದ ಬಣ್ಣ, ಮುಚ್ಚಿಟ್ಟ ಹಿಟ್ಟಿನ ಹಾಗೆ ಅಲ್ಲಲ್ಲಿ ಉಬ್ಬುತ್ತದೆ, ಯಾರೋ ಗುದ್ದಿದ ಹಾಗೆ ಇಳಿಯುತ್ತದೆ, ಮತ್ತೆ ಉಬ್ಬುತ್ತದೆ. ಆಗ ತೂಕದಪ್ಪನಿಗೆ ಅರಿವಾಯಿತು, ತಾನು ಕಂಡದ್ದು ಬೆಳಗಿನದು. ಸಂಜೆಯ ಕಡಲನ್ನು ತಾನೂ ಕಂಡವನಲ್ಲ.

“ಹೇಳು,” ಅಂದ. ದಿಂಬಿಗೆ ಒರಗಿ ಕಣ್ಣು ಮುಚ್ಚಿದ.

ಅವಳು ಹೇಳಿದಳು. ದೂರದಲ್ಲಿ ಒಂದು ದೋಣಿ, ಅದರೊಳಗೆ ಯಾರೂ ಕಾಣುವುದಿಲ್ಲ. ನೀರಿನ ಮೇಲೆ ರೈಲಿನ ನೆರಳು, ಕಿಟಕಿಗಳ ಸಮೇತ. ತನ್ನ ಕಿಟಕಿ ಯಾವುದೆಂದು ಹುಡುಕಲು ಕೈ ಆಡಿಸಿದರೆ ನೆರಳಿನಲ್ಲೂ ಒಂದು ಕೈ ಆಡುತ್ತದೆ. ಅಷ್ಟರಲ್ಲಿ ಒಂದು ಹಕ್ಕಿ ಬಂತು ಎಂದಳು. ರೈಲು ಜಗ್ಗಿತು. ಇಳಿಯುವ ಊರು ಬಂತೆಂದು ಟಿಕೆಟ್ಟಿನವನು ಫೋನು ವಾಪಸು ಕೇಳಿದ.

ಅವಳು ಅದನ್ನು ಮರಳಿಸುವ ಮೊದಲು ತೂಕದಪ್ಪ ಒಂದೇ ಮಾತು ಹೇಳಿದ: ರಾತ್ರಿ ರೈಲಿಗೆ ಕಾರ್ಡು ತೋರಿಸು, ಕೋಣೆ ನಿನ್ನ ಹೆಸರಿನಲ್ಲಿರುತ್ತದೆ. ಅವಳು ಬೇಡ ಅನ್ನುವಷ್ಟರಲ್ಲಿ ಮಾತು ಕಡಿಯಿತು. ಅವನು ತನ್ನ ಫೋನಿನಲ್ಲಿ ಇಬ್ಬರ ಕೋಣೆಯನ್ನು ಒತ್ತಿದ. ಇಷ್ಟು ಕಾಲ ಕೂಡಿಟ್ಟದ್ದು ಒಂದೇ ಬಾರಿಗೆ ಸೊನ್ನೆಯಾಯಿತು. ತಂಗಿ ಇಣುಕಿ ನೋಡಿದಳು. ಅಲ್ಲ ಬಾವ, ಇಬ್ಬರದ್ದು ಯಾಕೆ ಎಂದಳು. ಒಬ್ಬರಿಗೆ ಎಂದು ಆ ಕೋಣೆ ಕೊಡುವುದಿಲ್ಲ ಎಂದ. ಆಮೇಲೆ ಹಸಿವಾಗುತ್ತಿದೆ, ಏನಾದರೂ ಕೊಡು ಎಂದು ಕೇಳಿದ.

ಮರುದಿನ ಬೆಳಿಗ್ಗೆ ಬೀದಿಯ ಜನಕ್ಕೆಲ್ಲ ತಂಗಿ ಸುಟ್ಟ ಚಪ್ಪಟೆ ಬ್ರೆಡ್ಡು ಸಿಕ್ಕಿತು. ಕೇಳಿದವರಿಗೆಲ್ಲ ಅವಳು, ಅಕ್ಕ ಸಮುದ್ರ ನೋಡಲು ಹೋಗಿದ್ದಾಳೆ, ಬೇಕಾದರೆ ತಿನ್ನಿ, ಇಲ್ಲವಾದರೆ ಬಿಡಿ ಎಂದಳು. ಬಿಸಿಲು ಏರುವ ಹೊತ್ತಿಗೆ ಬೇಕರಿಯಕ್ಕ ಬಂದಳು. ಅಂಗಡಿಯನ್ನು ದಾಟಿ ಹಿಂದಿನ ಕೋಣೆಗೆ ಹೋಗಿ, ಶಾಲು ಮಡಿಸಿಟ್ಟು, ಗಂಡನ ಮಂಚದ ಅಂಚಿನಲ್ಲಿ ಕೂತಳು. ಅವಳ ಮುಖದ ಮೇಲೆ ನಿದ್ದೆಯ ಸುಳಿವೂ ಇರಲಿಲ್ಲ.

“ಎಲ್ಲಿಗೆ ನಿಲ್ಸಿದ್ದೆ?”

“ಹಕ್ಕಿ ಬಂತು ಅಂದೆ.”

“ಹಾಂ, ಹಕ್ಕಿ,” ಎಂದು ಅವಳು ಕಾಲು ಮೇಲೆತ್ತಿ ಸರಿಯಾಗಿ ಕೂತಳು. ಅವನು ಕಣ್ಣು ಮುಚ್ಚಿಕೊಂಡ.