ಎಲೆಯಡಿಕೆ ಹಾಕದ ದುಗ್ಗಮ್ಮ

ಮಾಸ್ತಿಕಟ್ಟೆಯ ಆಸುಪಾಸಿನಲ್ಲಿ ದುಗ್ಗಮ್ಮನ ಅಂಗೈಯ ಎಣ್ಣೆ ಕಾಣದ ಕೂಸಿನ ಬೆನ್ನು ಕಡಿಮೆ. ಬಾಣಂತಿ ಮನೆಗಳಲ್ಲಿ ಕೂಸಿಗೆ ಎರೆದು, ಒರೆಸಿ, ಕೆಂಡಕ್ಕೆ ಕೈ ಕಾಸಿ ಹೊಟ್ಟೆಗೆ ಒತ್ತುವುದು ಅವಳ ನಲವತ್ತು ವರ್ಷದ ಕಸುಬು. ಬಾಯಲ್ಲಿ ಎಲೆಯಡಿಕೆ ಇಲ್ಲದೆ, ಸೊಂಟದಲ್ಲಿ ಅದರ ಚೀಲ ಇಲ್ಲದೆ ಅವಳನ್ನು ಕಂಡವರಿಲ್ಲ.

ಅಂಥ ದುಗ್ಗಮ್ಮ ಇವತ್ತು ಬೆಳಗಿನಿಂದ ಬಾಯಿಗೆ ಎಲೆ ಹಾಕಿಲ್ಲ. "ಚಳಿ ಜಾಸ್ತಿ, ಕೂಸಿಗೆ ಇವತ್ತು ನೀರು ಬ್ಯಾಡ" ಎಂದವಳು ಕೂಸನ್ನು ಎತ್ತಿಕೊಳ್ಳಲೂ ಇಲ್ಲ. ಆ ಮನೆಯ ಬಾಣಂತಿ ಸ್ಪಂದನಾಳ ಅನುಮಾನ ಅಲ್ಲಿಂದಲೇ ಶುರುವಾಯಿತು.

ಲೈನಿನ ಮೇಲೆ ಮರ ಬಿದ್ದು ನಿನ್ನೆ ಸಂಜೆಯಿಂದ ಕರೆಂಟಿರಲಿಲ್ಲ. ಗಂಡ ಗೌತಮ್ ಮದುವೆಗೆ ಮೊದಲಿನಿಂದ ಸಾಕಿದ್ದ ಎರಡು ಗೆಕೋಗಳು, ಚಿರತೆಯಂತೆ ಚುಕ್ಕೆಯಿದ್ದ ಗೇಣುದ್ದದ ಹಲ್ಲಿಗಳು, ಗಾಜಿನ ಪೆಟ್ಟಿಗೆಯ ಬಿಸಿದೀಪ ಆರಿ ಮರಗಟ್ಟತೊಡಗಿದ್ದವು. "ಬಿಸಿ ತಪ್ಪಿದ್ರೆ ಉಳಿಯಲ್ಲ, ನೋಡ್ಕೋ" ಎಂದು ಅವನು ಬೆಳಿಗ್ಗೆಯೇ ಜನರೇಟರ್ ತರಲು ತೀರ್ಥಹಳ್ಳಿಗೆ ಹೋಗಿದ್ದ. ಅವಳು ಕೂಸಿಗೆ ಹಾಲು ಕೊಟ್ಟು ಬರುವಷ್ಟರಲ್ಲಿ ಪೆಟ್ಟಿಗೆ ಖಾಲಿ. ಮುಚ್ಚಳ ಮಾತ್ರ ಹಾಕಿದ್ದ ಹಾಗೇ ಇತ್ತು. ಅವು ತಾವಾಗಿಯೇ ಓಡಿದ್ದಲ್ಲ.

ನಿನ್ನೆ ದುಗ್ಗಮ್ಮ ಅಂದದ್ದು ನೆನಪಾಯಿತು: "ಹಲ್ಲಿ ಸಾಕದು ಎಂಥಾ ಚಂದ ಮಾರಾಯ್ತಿ! ಗೋಡೆ ಮೇಲೆ ಪುಕ್ಕಟೆ ಇಲ್ವಾ?"

ಕೋಳಿಗೆ ಹಾಕಿದಳೇ? ಸ್ಪಂದನಾ ಬಚ್ಚಲ ಒಲೆಯ ಬೂದಿಯನ್ನೂ ಕೆದಕಿ ನೋಡಿದಳು.

"ದುಗ್ಗಮ್ಮ, ಪೆಟ್ಟಿಗೆ ಮುಟ್ಟಿದ್ರಾ?"

"ಅವುದ್ರ ಚಿಂತೆ ನಿಮಗ್ಯಾಕೆ? ಕೂಸಿನ ಹತ್ರ ಹೋಗಿ."

ಹೇಳುವಾಗ ಅವಳ ಎರಡೂ ಕೈ ಸೊಂಟದ ಚೀಲದ ಮೇಲಿದ್ದವು. ಚೀಲ ಮಿಸುಕಿತು.

"ಬಿಚ್ಚಿ ತೋರ್ಸಿ!"

"ನಿಧಾನ! ಈಗಷ್ಟೇ ಬೆಚ್ಚಗಾದ್ವು."

ಹಳೇ ಸೀರೆಯ ತುಂಡಿನೊಳಗೆ ಎರಡು ತಲೆ. ಒಂದು ಕಣ್ಣು ತೆರೆದು ಸ್ಪಂದನಾಳನ್ನೇ ಅನುಮಾನದಿಂದ ನೋಡಿತು.

"ಒಲೆ ಹತ್ರ ಇಟ್ರೆ ಬೆಂದು ಹೋಗ್ತಾವೆ. ತಿಂಗಳು ತುಂಬದ ಕೂಸುಗಳನ್ನ ಹಿಂಗೇ ಮೈಗೆ ಕಟ್ಕಂಡು ಉಳಿಸೀನಿ. ಚೀಲ ತೊಳ್ದೀನಿ, ಸುಣ್ಣ, ಹೊಗೆಸೊಪ್ಪು ಎಲ್ಲ ಅಲ್ಲಿ ಕಿಟಕೀಲಿಟ್ಟೀನಿ. ಕಣ್ಣಿಗೆ ತಾಗಿದ್ರೆ ಉರಿಯಲ್ವಾ?"

"ಮೊದ್ಲೇ ಹೇಳಬಾರ್ದಿತ್ತಾ?"

"ಹೇಳಿದ್ರೆ ಹಲ್ಲಿ ಮುಟ್ಟಿದ ಕೈಲಿ ನಾಳೆಯಿಂದ ಕೂಸು ಮುಟ್ಟಕ್ಕೆ ಬಿಡ್ತಿದ್ರಾ?"

"ನಾಳೆ ಸೋಪು ಹಾಕಿ ಕೈ ತೊಳೀಬೇಕು" ಎಂದಳು ಸ್ಪಂದನಾ, ಮೆತ್ತಗೆ.

"ಮೂರು ಸಲ ತೊಳೀತೀನಿ. ಈಗ ಯಜಮಾನ್ರು ಬರೋತನಕ ನಂಗೆ ಕೈ ಬಿಡುವಿಲ್ಲ. ಒಂದು ಎಲೆ ಮಡ್ಚಿ ಬಾಯಿಗೆ ಹಾಕಿ, ಪುಣ್ಯ ಬರ್ತದೆ."

ಸ್ಪಂದನಾ ಎಲೆ ಒರೆಸಿದಳು. ಸುಣ್ಣ ಎಷ್ಟು ಎಂದು ಎರಡು ಸಲ ಕೇಳಿದಳು. ಮೂರನೇ ಸಲ ಕೇಳುವ ಮೊದಲೇ ದುಗ್ಗಮ್ಮ ಬಾಯಿ ತೆರೆದಳು.