ರೀಲ್ಸಿನಲ್ಲಿ ಕಂಡ ಖಣ

ಮಷಿನ್ ಮುಂದೆ ಫೋನ್ ನಿಲ್ಲಿಸಿ ರೀಲ್ಸ್ ಶುರು ಮಾಡಿದರೆ ಸಾಕು, ಯಾರಾದರೂ ಬಾಗಿಲು ಬಡಿಯಲೇಬೇಕು. ಮಗಳು ಮಲಗಿದಾಗ ಸಿಗುವುದೇ ಅರ್ಧ ತಾಸು. ನನ್ನ ಹೊಲಿಗೆ ದಾಂಡೇಲಿಯ ಆಚೆಗೂ ಕಾಣಲಿ ಅಂತ ನನ್ನ ಒದ್ದಾಟ. ಆವತ್ತು ಬಂದಾಕೆ ಗುರುತಿಲ್ಲದ ಅಜ್ಜಿ, ಹಳಿಯಾಳದ ಬಸ್ಸಿಳಿದು ನೇರ ಬಂದಿದ್ದರು.

“ಬ್ಲೌಸ್ ಹೊಲಸಾಕ ಬಂದೀರೇನ್ರಿ?”

“ಇಲ್ಲವ್ವಾ. ನಿನ್ನ ರೀಲ್ಸ್‌ನ್ಯಾಗಿನ ಹಸಿರು ಖಣ ನಾನ ನಮ್ಮ ಬೀಗತಿಗೆ ಉಡಿ ತುಂಬಿದ್ದು. ಅದರ ಕಸೂತಿ ನನ್ನ ಕೈಯಿಂದು. ನಾ ಕೊಟ್ಟಿದ್ದನ್ನೆಲ್ಲಾ ಆಕಿ ಮಂದಿಗೆ ದಾಟಸ್ತಾಳ ಅಂದ್ಕೊಂಡಿದ್ದೆ. ಈ ಸಲ ಹೊಲಸಿಕೊಂಡಾಳ ನೋಡು!”

ಆ ಖಣ ತಂದವಳು ನಮ್ಮ ಓಣಿಯ ಹೊಸ ಮದುಮಗಳು. ಅವಳಿಗೆ ಮದುವೆಯಲ್ಲಿ ಯಾರೋ ಅದನ್ನೇ ಉಡಿ ತುಂಬಿದ್ದರಂತೆ. ನಾಲ್ಕು ಮಂದಿ ನೋಡಲಿ ಅಂತ ರೀಲ್ಸ್ ಹಾಕಿದ್ದು ನಿಜ, ಆದರೆ ಆ ನಾಲ್ವರಲ್ಲಿ ಈ ಅಜ್ಜಿಯೂ ಇರಬೇಕೇ? ಅರಳಿದ ಆ ಮುಖ ನೋಡಿ ಒಳಗೆ ಕರೆದು ಕೂರಿಸಿದೆ. ಚಹಾ ಕೊಟ್ಟೆ.

ಅಜ್ಜಿ ಒಂದು ಗುಟುಕು ಕುಡಿದು ಕೇಳಿದರು: “ಹಾಕ್ಕೊಂಡು ನೋಡಿದ ಮ್ಯಾಲ ಆಕಿ ಏನಂದ್ಲವ್ವಾ?”